ಗೋಡೆಯೊಳಗಿನ ಎಂಬತ್ತು ವ್ಯಾಟ್

ಮೊನ್ನೆ ಮದ್ದೂರಿನ ನಮ್ಮ ಶಾಲೆಯ ಸ್ಟಾಫ್‌ರೂಮಿನಲ್ಲಿ ಪ್ಲಾಸ್ಟಿಕ್ಕು ಕಮರಿದ ವಾಸನೆ ಬಂತು. ಉಳಿದವರು ಕಿಟಕಿ ತೆರೆದರು. ನಾನು ಓಡಿಹೋಗಿ ಮೇನ್ ಸ್ವಿಚ್ಚನ್ನೇ ಆರಿಸಿಬಿಟ್ಟೆ. ಫ್ಯಾನು ನಿಂತಿತೆಂದು ಎಲ್ಲರೂ ನನ್ನತ್ತ ದುರುಗುಟ್ಟಿದರು. ಆ ವಾಸನೆ ನನಗೆ ಹೇಗೆ ಪರಿಚಯವೆಂದು ನಿಮಗಾದರೂ ಹೇಳಬೇಕು.

ನಾನು ಹೈಸ್ಕೂಲಿನ ವಿಜ್ಞಾನದ ಟೀಚರು. ವೋಲ್ಟೇಜನ್ನು ಕರೆಂಟಿನಿಂದ ಭಾಗಿಸಿದರೆ ರೋಧ, ಎರಡನ್ನೂ ಗುಣಿಸಿದರೆ ಪವರ್ ಎಂದು ಬೋರ್ಡಿನ ಮೇಲೆ ಬರೆದೂ ಬರೆದೂ ಬೆರಳು ಸವೆದಿದೆ. ಮನೆಯಲ್ಲಿ ಬಲ್ಬು ಹೋದರೆ ಮಾತ್ರ ಪಕ್ಕದ ಮನೆಯವರನ್ನು ಕರೆಯುತ್ತಿದ್ದೆ.

ಮೂರು ವರ್ಷದ ಹಿಂದೆ ನಾನೂ ಅವ್ವನೂ ಮಳವಳ್ಳಿಯ ಬಾಡಿಗೆ ಮನೆಯಲ್ಲಿದ್ದೆವು. ನ್ಯುಮೋನಿಯಾದಿಂದ ಎದ್ದ ಅವ್ವನಿಗೆ ಕೆಲವು ವಾರ ಆಕ್ಸಿಜನ್ ಯಂತ್ರ ಬೇಕೆಂದು ಡಾಕ್ಟರು ಹೇಳಿದ್ದರು. ಯಂತ್ರ ಅರ್ಧ ಗಂಟೆ ಓಡುವುದು, ಕುಂಯ್ಗುಟ್ಟಿ ನಿಲ್ಲುವುದು. ನಿಂತಾಗಲೆಲ್ಲ ಅವ್ವನ ತುಟಿ ನೀಲಿಗೆ ತಿರುಗುತ್ತಿತ್ತು. ನಾನು ತುರ್ತಿಗೆಂದು ತಂದಿಟ್ಟಿದ್ದ ಆಕ್ಸಿಜನ್ ಸಿಲಿಂಡರಿಗೆ ಪೈಪು ಸಿಕ್ಕಿಸುತ್ತಿದ್ದೆ. "ನಂಗೇನೂ ಆಗಿಲ್ಲ ಕಣಮ್ಮಿ, ನೀ ಗಾಬ್ರಿ ಬೀಳ್‌ಬ್ಯಾಡ" ಎಂದು ಅವಳೇ ನನಗೆ ಸಮಾಧಾನ ಹೇಳುವಳು. ಎಲೆಕ್ಟ್ರಿಷಿಯನ್ ಒಬ್ಬರು ಬಂದು, ಯಂತ್ರದ ಪ್ಲಗ್ಗು ಕಿತ್ತು, ಮೀಟರ್ ಇಟ್ಟು, ವೋಲ್ಟೇಜ್ ಸರಿಯಾಗಿದೆ, ಯಂತ್ರವೇ ಕೆಟ್ಟಿದೆ ಎಂದರು. ಯಂತ್ರ ಕೊಟ್ಟವರು ಅದು ಸರಿಯಾಗಿದೆ ಎಂದರು.

ಮರುದಿನ ಮಧ್ಯಾಹ್ನ ಖಲೀಲಣ್ಣನನ್ನು ಕರೆತಂದೆ. ಬಸ್‌ಸ್ಟ್ಯಾಂಡಿನ ಹತ್ತಿರ ಪಂಪ್‌ಸೆಟ್ಟಿನ ಮೋಟರುಗಳಿಗೆ ತಂತಿ ಸುತ್ತುವವನು, ಮಾತು ಕಡಿಮೆ. ಅವನು ಯಂತ್ರ ಓಡುತ್ತಿರುವಾಗಲೇ ಮೇನ್ ಬೋರ್ಡಿನಲ್ಲೂ ಯಂತ್ರದ ಪ್ಲಗ್ಗಿನ ಹತ್ತಿರವೂ ಅಳೆದ.

"ಮೇನಲ್ಲಿ ಇನ್ನೂರಿಪ್ಪತ್ನಾಕು, ಇಲ್ಲಿ ನೂರೆಂಬತ್ನಾಕು. ಕರೆಂಟು ಎರಡು ಆಂಪಿಯರ್. ನಡುವೆ ನಲ್ವತ್ತು ವೋಲ್ಟು ಎಲ್ಲೋಯ್ತು, ನೀವೇ ಲೆಕ್ಕ ಮಾಡಿ ಟೀಚರಮ್ಮ."

ಔಷಧಿ ಚೀಟಿಯ ಹಿಂದೆ ಬರೆದೆ. ನಲವತ್ತು ಭಾಗಿಸು ಎರಡು, ಇಪ್ಪತ್ತು ಓಮ್. ಒಳ್ಳೆಯ ತಂತಿಯಲ್ಲಿ ಒಂದು ಓಮ್ ಕೂಡ ಇರಬಾರದು. ನಲವತ್ತು ಗುಣಿಸು ಎರಡು, ಎಂಬತ್ತು ವ್ಯಾಟ್. ಪೆನ್ನು ಅಲ್ಲೇ ನಿಂತಿತು. ಅಷ್ಟು ಶಾಖ ಗೋಡೆಯೊಳಗೆ ಎಲ್ಲೋ ಒಂದು ಕಡೆ ಕೂತಿತ್ತು. ಕರೆಂಟು ಹರಿಯದಿದ್ದರೆ ಈ ನಷ್ಟ ಕಾಣುವುದೇ ಇಲ್ಲ. ಪ್ಲಗ್ಗು ಕಿತ್ತು ಅಳೆದವರಿಗೆ ಎಲ್ಲವೂ ಸರಿಯಾಗಿ ಕಂಡದ್ದು ಅದಕ್ಕೇ. ಇದನ್ನೂ ನಾನು ಪಾಠ ಮಾಡಿದ್ದೆ!

ಖಲೀಲಣ್ಣ ಗೋಡೆಯ ಮೇಲೆ ಅಂಗೈ ಆಡಿಸುತ್ತ ಬಂದು ಅವ್ವನ ಮಂಚದ ತಲೆಯ ಕಡೆ ನಿಂತ. ನಾನೂ ಮುಟ್ಟಿದೆ. ಜ್ವರ ಬಂದವರ ಹಣೆಯಂತೆ ಸುಡುತ್ತಿತ್ತು.

"ಬೆಚ್ಚಗದೆ ಅಂತ ಅಲ್ಲೇ ತಲೆ ಆನಿಸ್ಕೊಂಡಿದ್ದೆ ಕಣಪ್ಪ" ಎಂದಳು ಅವ್ವ.

ಪಕ್ಕದಲ್ಲಿ ಆಕ್ಸಿಜನ್. ಬೆಂಕಿಗೆ ಒಂದು ಕಿಡಿ ಸಾಕಿತ್ತು. ಅವ್ವನನ್ನು ಸಿಲಿಂಡರಿನ ಸಮೇತ ಹೊರಗಿನ ಕೋಣೆಗೆ ಸಾಗಿಸಿ ಮೇನ್ ಆರಿಸಿದೆವು. ಮಂಚದ ಹಿಂದೆ ಗೋಡೆಯೊಳಗೆ ಹುದುಗಿದ್ದ ವೈರಿಂಗ್ ಪೆಟ್ಟಿಗೆಯ ಮುಚ್ಚಳ ಬಿಚ್ಚಿದರೆ, ಬರಿದೇ ಹೊಸೆದು ಬಿಟ್ಟಿದ್ದ ಎರಡು ತಂತಿ, ಕರಗಿ ಕಪ್ಪಾದ ಟೇಪು, ಮತ್ತು ಆ ವಾಸನೆ. ಖಲೀಲಣ್ಣ ಸುಟ್ಟುಹೋದದ್ದನ್ನೆಲ್ಲ ಕತ್ತರಿಸಿ, ಹೊಸ ತಂತಿ ಎಳೆದು, ಬಿಗಿಯಾಗಿ ಸ್ಕ್ರೂ ಹಾಕಿದ. ಮತ್ತೆ ಯಂತ್ರ ಓಡಿಸಿ ಅಳೆದಾಗ ಇನ್ನೂರಿಪ್ಪತ್ತಮೂರು. ಅರ್ಧ ಗಂಟೆ ಕಳೆಯಿತು, ಒಂದು ಗಂಟೆಯೂ ಕಳೆಯಿತು, ಯಂತ್ರ ನಿಲ್ಲಲಿಲ್ಲ. ನಾನು ನೆಲದ ಮೇಲೆ ಕೂತು, ಅಳುವೋ ನಗುವೋ ತಿಳಿಯದೆ ಸೆರಗಿನಲ್ಲಿ ಮುಖ ಒರೆಸಿಕೊಂಡೆ.

ಈಗ ತರಗತಿಯಲ್ಲಿ ಮಕ್ಕಳು "ಇಪ್ಪತ್ತು ಓಮ್, ಮಿಸ್" ಎಂದು ಉತ್ತರ ಹೇಳಿದರೆ, "ಎಲ್ಲಿ?" ಎಂದು ಕೇಳುತ್ತೇನೆ. ಪಿಳಿಪಿಳಿ ನೋಡುತ್ತಾರೆ, ಆಮೇಲೆ ಯೋಚಿಸುತ್ತಾರೆ. ಸಂಜೆ ಮನೆಗೆ ಬಂದರೆ ಅವ್ವ ತಾನೇ ಮೆಟ್ಟಿಲು ಹತ್ತಿ ತಾರಸಿಯಲ್ಲಿ ನಿಂತಿರುತ್ತಾಳೆ. ಯಾಕೆ ತಡವಾಯಿತೆಂದು ಅಲ್ಲಿಂದಲೇ, ಇಡೀ ಬೀದಿಗೆ ಕೇಳುವಂತೆ ಬೈಯುತ್ತಾಳೆ. ನಾನು ಗೇಟಿನ ಬಳಿ ನಿಂತು ಪೂರ್ತಿ ಬೈಸಿಕೊಂಡೇ ಒಳಗೆ ಹೋಗುತ್ತೇನೆ.