ಗೋಡೆಯಾಚೆಯ ಶುಕ್ರವಾರ

‘ಟಿವಿ ಸೌಂಡ್ ಕಡಿಮಿ ಮಾಡ್ರಿ’ ಎಂದು ಯಾರಾದರೂ ಅಂದರೆ ಇವತ್ತಿಗೂ ನಾನು ಎದ್ದು ಆಚೆ ಹೋಗಿಬಿಡುತ್ತೇನೆ. ಹರಪನಹಳ್ಳಿಯ ನಮ್ಮ ಮನೆಯಲ್ಲಿ ಮೊಮ್ಮಕ್ಕಳು ಡಾನ್ಸ್ ಶೋ ಹಾಕಿಕೊಂಡು ಸೂರು ಹಾರಿಹೋಗುವಂತೆ ಗದ್ದಲ ಎಬ್ಬಿಸಿದರೂ ನಾನು ತುಟಿ ಪಿಟಕ್ ಅನ್ನುವುದಿಲ್ಲ. ಅತ್ತೆಗೆ ಕಿವಿ ಮಂದವಾಗಿದೆ ಅಂದುಕೊಂಡಿದ್ದಾಳೆ ಸೊಸೆ. ಅಂದುಕೊಳ್ಳಲಿ ಬಿಡಿ.

ನಾನು ಹುಡುಗಿಯಾಗಿದ್ದಾಗ ಕೊಟ್ಟೂರಿನ ನಮ್ಮ ಓಣಿಗೆಲ್ಲ ನಮ್ಮದೊಂದೇ ಟಿವಿ. ಶುಕ್ರವಾರ ಸಂಜೆ ಚಿತ್ರಗೀತೆ ಶುರುವಾಯಿತೆಂದರೆ ಪಡಸಾಲೆಯಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ನಮಗೂ ಪಕ್ಕದ ಮನೆಗೂ ನಡುವೆ ಒಂದೇ ಗೋಡೆ. ಆ ಮನೆಯ ಅಜ್ಜಿ ಎಲ್ಲರಿಗಿಂತ ಮೊದಲು ಬಂದು ಮುಂದೆ ಕೂರುತ್ತಿದ್ದಳು. ಬರುತ್ತಿದ್ದದ್ದು ನೋಡಲಿಕ್ಕೋ ಬೈಯಲಿಕ್ಕೋ, ಆ ಶಿವನೇ ಬಲ್ಲ.

‘ಅಯ್ಯ, ಇಕಿ ಸೊಂಟದಾಗ ಎಲುಬು ಐತೋ ಇಲ್ಲೋ! ಇವನ್ನ ನೋಡ್ರಿ, ಗಿಡ ಸುತ್ತಾಕ ಹತ್ಯಾನ. ಮನ್ಯಾಗ ಕೆಲಸ ಇಲ್ಲೇನು ಇವಂಗ?’

ಹಾಡಿಗಿಂತ ಅವಳ ಬೈಗುಳಕ್ಕೇ ನಾವು ಬಿದ್ದು ಬಿದ್ದು ನಗುತ್ತಿದ್ದೆವು.

ಒಂದು ದಿನ ಅಜ್ಜಿ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದಳು. ‘ಪಾಪ, ನೋವಿನಾಗ ಅದಾಳ, ನಮ್ಮ ಗದ್ದಲ ಬ್ಯಾಡ’ ಅಂದಳು ಅವ್ವ. ಓಣಿಯವರಿಗೂ ಬರಬೇಡಿ ಎಂದೆವು. ಸೌಂಡು ಪೂರ್ತಿ ಇಳಿಸಿ, ಬರೀ ಕೈಕಾಲು ಆಡಿಸುವವರನ್ನು ನೋಡುತ್ತ ಕೂತೆವು. ಅವ್ವ ದಿನಾ ಗಂಜಿ ಒಯ್ದು ಅಜ್ಜಿಯನ್ನು ಮಾತಾಡಿಸಿ ಬರುತ್ತಿದ್ದಳು. ಎದ್ದು ಬರಲಾರದವಳ ಮುಂದೆ ಟಿವಿ ಸುದ್ದಿ ಮಾತ್ರ ಎತ್ತುತ್ತಿರಲಿಲ್ಲ. ನಾವೆಷ್ಟು ಒಳ್ಳೆಯವರು ಎಂದು ನನಗೋ ಒಳಗೊಳಗೇ ಹೆಮ್ಮೆ.

ಹೀಗೇ ಬಹಳ ವಾರ ಕಳೆದವು. ಒಂದು ಶುಕ್ರವಾರ ಅಜ್ಜಿಯ ಸೊಸೆ ಗಂಜಿ ಪಾತ್ರೆ ವಾಪಸು ಕೊಡಲು ಬಂದವಳು ಬಾಗಿಲಲ್ಲೇ ನಿಂತಳು.

‘ಯಕ್ಕಾ, ಶುಕ್ರವಾರ ಬಂದ್ರ ನಮ್ಮತ್ತಿ ಮಂಚ ಗೋಡಿಗೆ ಸರಸು ಅಂತಾಳ್ರಿ. ಹಾಡು ಕೇಳಸವಲ್ದು ಅಂತ ಅಳ್ತಾಳ. “ನಾ ಬೈತಿದ್ನಲ್ಲ, ಅದಕ್ಕ ಸಿಟ್ಟಾಗ್ಯಾರ. ಇನ್ನ ಮ್ಯಾಲೆ ಬೈಯಂಗಿಲ್ಲ ಅಂತ ಹೇಳು” ಅಂತ ಕಳಿಸ್ಯಾಳ.’

‘ಅಯ್ಯೋ ಶಿವನೇ!’ ಅವ್ವ ಕೈಯಲ್ಲಿದ್ದ ಮೊರ ಅಲ್ಲೇ ಬಿಟ್ಟು ಓಡಿದಳು. ಅಜ್ಜಿಯ ಕೈ ಹಿಡಿದು ಇದ್ದದ್ದನ್ನು ಇದ್ದ ಹಾಗೆ ಹೇಳಿದಳಂತೆ. ‘ಇರ್ಲಿ ಬಿಡವ್ವ’ ಅಂದಳಂತೆ ಅಜ್ಜಿ. ನಂಬಿದಳೋ ಇಲ್ಲವೋ ಗೊತ್ತಿಲ್ಲ.

ಸಂಜೆ ಸೌಂಡಿನ ಗುಂಡಿಯನ್ನು ಕೊನೆಯವರೆಗೂ ತಿರುಗಿಸಿದೆ. ಓಣಿಗೆಲ್ಲ ಹಾಡು ಕೇಳಿಸಿತು. ನಾನು ಮಾತ್ರ ತೆರೆಗೆ ಬೆನ್ನು ಹಾಕಿ ಗೋಡೆಗೆ ಕಿವಿ ಹಚ್ಚಿ ಕೂತೆ. ಬೈಯಬೇ ಅಜ್ಜಿ, ಒಂದಾದರೂ ಬೈ ಎಂದು ಮನಸ್ಸಿನಲ್ಲೇ ಅಂಗಲಾಚಿದೆ. ಕೊನೆಯ ಹಾಡು ಮುಗಿಯುವವರೆಗೂ ಆಕೆ ಕೊಟ್ಟ ಮಾತಿಗೆ ತಪ್ಪಲಿಲ್ಲ.