ಅಣ್ಣ ಮಾಡಿದ ಡಬ್ಬಿ

ನಮ್ಮಣ್ಣ ಬೀರು ಮಾಡುವವನು. ತಗಡು ಅವನು ಹೇಳಿದ ಹಾಗೆ ಕೇಳುತ್ತದೆ. ಮನೆಯವರು ಕೇಳದಿದ್ದರೆ ಮೂಗಿನ ತುದಿಯಲ್ಲೇ ಕೋಪ. ಗೋಡೆಯ ಮೇಲೆ ಒಂದು ವೈರು ಜೋತಾಡಿದರೂ ಸಹಿಸುವವನಲ್ಲ. ಇಂಟರ್ನೆಟ್ಟಿನ ರೂಟರ್ ಬಂದದ್ದೇ ತಡ, ಅದಕ್ಕೊಂದು ಉಕ್ಕಿನ ಡಬ್ಬಿ ಮಾಡಿ, ಕೆನೆ ಬಣ್ಣ ಬಳಿದು, ಬಾಗಿಲಿಟ್ಟು ಹಜಾರದ ಗೋಡೆಗೆ ಜಡಿದ. ಚೆಂದವಿತ್ತು, ಸುಳ್ಳೇಕೆ ಹೇಳಲಿ.

ಅವನ ಸೊಸೆ ಒಳಕೋಣೆಯ ಕಂಪ್ಯೂಟರಿನಲ್ಲಿ ಕಿವಿ ಕೇಳದ ಮಕ್ಕಳಿಗೆ ಕೈಸನ್ನೆಯಲ್ಲಿ ಪಾಠ ಹೇಳುತ್ತಾಳೆ. ಆಮೇಲೆ ಶುರುವಾಯಿತು ನೋಡಿ ಗೋಳು. ಚಿತ್ರ ನಿಂತು ನಿಂತು ಹೋಗುತ್ತಿತ್ತು. ಆ ಮಕ್ಕಳಿಗೆ ಚಿತ್ರ ನಿಂತರೆ ಮಾತೇ ನಿಂತಂತೆ. ಒಂದು ದಿನ ಪರದೆಯಲ್ಲಿ ಇವಳ ಮುಖ ಹುಬ್ಬು ಗಂಟಿಕ್ಕಿದ ಹಾಗೇ ಅಂಟಿಕೊಂಡುಬಿಟ್ಟಿತು. ಒಬ್ಬ ಪುಟ್ಟ ಹುಡುಗಿ, ಕೋಪ ತನ್ನ ಮೇಲೇ ಅಂದುಕೊಂಡು ಕ್ಯಾಮೆರಾ ಮುಚ್ಚಿದವಳು ಮತ್ತೆ ತೆರೆಯಲೇ ಇಲ್ಲ. "ಆ ಮಗು ಹೀಗೇ ಮುಖ ತೋರಿಸ್ದೇ ಇದ್ರೆ ಕ್ಲಾಸ್ ಬೇರೆಯವರಿಗೆ ಕೊಡ್ಬೇಕಾಗುತ್ತೆ" ಎಂದು ಶಾಲೆಯ ದೊಡ್ಡ ಟೀಚರು ಹೇಳಿಯೂಬಿಟ್ಟರು.

ಅಣ್ಣ ಟೊಂಕ ಕಟ್ಟಿ ನಿಂತ. ಪಾಠದ ಹೊತ್ತಿನಲ್ಲಿ ಎಲ್ಲರ ಫೋನೂ ಬಂದ್. ನನ್ನ ಧಾರಾವಾಹಿ ಹೋಯಿತು, ಅತ್ತಿಗೆ ತನ್ನ ತಂಗಿಯ ಜೊತೆ ಹರಟುವುದು ಹೋಯಿತು. ಆದರೂ ಚಿತ್ರ ನಿಲ್ಲುತ್ತಲೇ ಇತ್ತು. ಕಡೆಗೆ ಊಟದ ಹೊತ್ತಿನಲ್ಲಿ ಎಲ್ಲರೆದುರೇ ಸಿಡಿದ.

"ನಿನಗೋಸ್ಕರ ಮನೆಮಂದಿಯೆಲ್ಲಾ ಬಾಯಿಗೆ ಬೀಗ ಹಾಕ್ಕೊಂಡಿದೀವಿ. ಕಂಪ್ಯೂಟರ್ ನಡೆಸೋಕೆ ಬರಲ್ಲ ಅಂದ್ರೆ ಒಪ್ಕೋಬೇಕಪ್ಪ!"

"ತಪ್ಪಾಯ್ತು ಮಾವ" ಎಂದ ಸೊಸೆ ಅರ್ಧಕ್ಕೇ ಎದ್ದು ಕೈತೊಳೆದಳು.

ಮಾರನೆಯ ದಿನ ಡಬ್ಬಿಯ ಕೀಲು ಕಿರುಗುಟ್ಟುತ್ತದೆಂದು ಅಣ್ಣ ಎಣ್ಣೆ ತಂದು ಬಾಗಿಲು ತೆರೆದ. ಒಳಕೋಣೆಯಿಂದ ಸೊಸೆಯ ದನಿ: "ಅಬ್ಬಾ, ಸರಿಹೋಯ್ತು!" ಅಣ್ಣ ಬಾಗಿಲು ಮುಚ್ಚಿದ. "ಥೂ, ಮತ್ತೆ ನಿಂತ್ಹೋಯ್ತು." ತೆರೆದ, ಸರಿಹೋಯಿತು. ಮುಚ್ಚಿದ; ನಿಂತಿತು. ಎಣ್ಣೆ ಕೆಳಗಿಟ್ಟು ನನ್ನನ್ನು ಕರೆದ.

"ಡಬ್ಬಿ ಒಳಗಿಂದ ಸಿಗ್ನಲ್ ಸರಿಯಾಗಿ ಹೊರಗೇ ಬರ್ತಿರ್ಲಿಲ್ಲ ಕಣೇ. ಗಾಳಿ ಆಡೋಕೂ ಸಂದು ಬಿಟ್ಟಿಲ್ಲ ನಾನು. ಅವಳ ಅನ್ನಕ್ಕೆ ನಾನೇ ಕಲ್ಲು ಹಾಕಿದೀನಿ."

"ನನ್ನ ಹತ್ರ ಅಂದ್ರೆ ಏನು ಬಂತು? ಹೋಗಿ ಅವಳಿಗೆ ಹೇಳು!"

"ಯಾವ ಮುಖ ಇಟ್ಕೊಂಡು ಹೇಳ್ಲಿ?" ಎನ್ನುತ್ತಲೇ ಮೊಳೆ ಕಿತ್ತು ಡಬ್ಬಿ ಇಳಿಸಿದ. ಸೀದಾ ಒಳಕೋಣೆಗೆ ಹೋದ. ನಾನೂ ಹಿಂದೆಯೇ ಹೋದೆ, ಬಿಟ್ಟೇನೇ?

ಪರದೆಯ ಮೇಲೆ ಮಕ್ಕಳ ಮುಖಗಳು. ಒಂದು ಚೌಕ ಮಾತ್ರ ಕಪ್ಪು. ಆ ಹುಡುಗಿ ಮುಖ ಮುಚ್ಚಿದ್ದಳೇ ಹೊರತು ನೋಡುವುದನ್ನು ಬಿಟ್ಟಿರಲಿಲ್ಲವಂತೆ.

ಅಣ್ಣ ಸೊಸೆಯ ಮುಖ ನೋಡಲಿಲ್ಲ. ಪರದೆಯನ್ನೇ ನೋಡುತ್ತಾ ಹೇಳಿದ: "ಆ ಮಗೂಗೆ ಹೇಳಮ್ಮ. ಟೀಚರಿಗೆ ಕೋಪ ಬಂದಿರ್ಲಿಲ್ಲ. ಈ ಮುದುಕ ರೂಟರನ್ನ ಉಕ್ಕಿನ ಡಬ್ಬೀಲಿ ಮುಚ್ಚಿಟ್ಟಿದ್ದ, ಅದಕ್ಕೇ ಹಾಗೆ ಕಾಣಿಸ್ತು ಅಂತ."

ಸೊಸೆಯ ಕೈಗಳು ಸನ್ನೆಯಲ್ಲಿ ಅದನ್ನೇ ಆಡಿದವು. ಅಣ್ಣ ಕಪ್ಪು ಚೌಕಕ್ಕೆ ಕೈಮುಗಿದು ನಿಂತ. ಚೌಕ ಬೆಳಗಿತು. ಎರಡು ಜಡೆಯ ಹುಡುಗಿ ಅವನನ್ನು ದಿಟ್ಟಿಸಿ ನೋಡಿ, ಬೆರಳಾಡಿಸಿ ಏನನ್ನೋ ಕೇಳಿದಳು. ಸೊಸೆ ತಲೆ ತಗ್ಗಿಸಿದಳು.

"ಏನಂತೆ?"

"ಏನಿಲ್ಲ ಬಿಡಿ ಮಾವ."

"ಹೇಳಮ್ಮ, ಬೈದ್ರೂ ಪರವಾಗಿಲ್ಲ."

"ಟೀಚರಿಗೂ ತಪ್ಪಾಯ್ತು ಅಂದ್ರಾ, ಅಂತ ಕೇಳ್ತಿದಾಳೆ."

ಅಣ್ಣ ಮುಗಿದ ಕೈ ಇಳಿಸದೆ ಸೊಸೆಯ ಕಡೆಗೆ ತಿರುಗಿದ.