ಹಿಡಿಕೆಗೆ ಕಟ್ಟಿದ್ದ ಮಾಲೆ

ಸ್ವಿಚ್ಚಿನ ಹಿಡಿಕೆಗೆ ಕಟ್ಟಿದ್ದ ಚೆಂಡುಹೂವಿನ ಮಾಲೆಯಲ್ಲಿ ಒಂದೇ ಒಂದು ಹೂ ಕೆಂಪಗಿತ್ತು, ಉಳಿದವೆಲ್ಲ ಹಳದಿ.

1992ರ ಖಂಡೆ ಪೂಜೆಯ, ಅಂದರೆ ಆಯುಧ ಪೂಜೆಯ, ದಿನ. ಇಂಜಿನಿಯರಿಂಗ್ ಮುಗಿಸಿ ರಾಯಬಾಗದ ಹತ್ತಿರದ ಒಂದು ಸಕ್ಕರೆ ಕಾರ್ಖಾನೆಯ ಪವರ್ ಹೌಸಿನಲ್ಲಿ ತರಬೇತಿಗೆ ಸೇರಿದ್ದೆ. ಅಲ್ಲಿ ಎಲ್ಲರಿಗೂ ನಾನು 'ಬಾಯಾರ', ಅಂದರೆ ಮೇಡಂ. ಕಬ್ಬು ನುರಿಸುವ ಹಂಗಾಮಿಗೆ ಮುಂಚಿನ ಪರೀಕ್ಷೆಗಾಗಿ ಎರಡು ಜನರೇಟರುಗಳು ಜೊತೆಯಾಗಿ ಓಡುತ್ತಿದ್ದವು. ಎರಡಕ್ಕೂ ಭೂಮಿಗೆ ಸೇರಿಸುವ ಸ್ವಿಚ್ ಇರುತ್ತದೆ. ಎರಡನ್ನೂ ಹೆಚ್ಚು ಹೊತ್ತು ಹಾಕಿಟ್ಟರೆ ಯಂತ್ರಗಳ ನಡುವೆಯೇ ಕರೆಂಟು ಸುತ್ತಾಡಿ ಅವು ಬಿಸಿಯಾಗುತ್ತವೆ. ಹಾಗಾಗಿ ಒಂದನ್ನು ಮಾತ್ರ ಹಾಕುವುದು ವಾಡಿಕೆ. ಅಂದು ಹಾಕಿದ್ದು ಒಂದನೆಯದು. ಮಾಲೆ ಕಟ್ಟಿ ಪೂಜೆ ಮಾಡಿದ್ದು ಹಾಕದೆ ಬಿಟ್ಟಿದ್ದ ಎರಡನೆಯ ಸ್ವಿಚ್ಚಿಗೆ.

ಮಧ್ಯಾಹ್ನ ಒಂದನೆಯ ಯಂತ್ರದ ಬೇರಿಂಗ್ ಕಾಯತೊಡಗಿತು. ನಿಲ್ಲಿಸಲೇಬೇಕಿತ್ತು. ಫೋರ್ಮನ್ ಸಿದ್ದಪ್ಪ ಕಾಕಾ ನನ್ನ ಕೈ ಎರಡನೆಯ ಸ್ವಿಚ್ಚಿನ ಕಡೆ ಹೋಗುವುದನ್ನು ನೋಡಿ ಅಡ್ಡ ಬಂದರು.

"ಬಾಯಾರ, ಮಿಷನ್ ಬಂದ್ ಮಾಡ್ರಿ, ಅಡ್ಡಿಲ್ಲ. ಪೂಜಿ ಮಾಡಿದ ಹಿಡಿಕಿ ಮುಟ್ಟಬ್ಯಾಡ್ರಿ. ನಾಳೆ ಬನ್ನಿ ಕೊಟ್ಟ ಮ್ಯಾಲ ಹಾಕೂಣು."

"ಇದನ್ನ ಹಾಕದ ಅದನ್ನ ಬಂದ್ ಮಾಡಾಕ ಬರೂದಿಲ್ಲ ಕಾಕಾ."

"ಒಂದ್ ದಿನದಾಗ ಏನ್ ಮುಳಗತೈತ್ರಿ?"

ಒಂದನೆಯ ಯಂತ್ರ ನಿಂತರೆ ಇದ್ದ ಒಂದೇ ಭೂಮಿಯ ಸಂಪರ್ಕವೂ ಹೋಗುತ್ತದೆ. ಅದು ಇಲ್ಲದಿದ್ದರೆ ಎಲ್ಲಾದರೂ ಕರೆಂಟು ಸೋರಿದರೂ ಅದನ್ನು ಕಾಯುವ ರಿಲೇಗೆ ತಿಳಿಯುವುದಿಲ್ಲ, ಲೈನು ತಾನಾಗಿ ಕಡಿಯುವುದಿಲ್ಲ. ಇನ್ನೊಂದು ಕಡೆಯೂ ಸೋರಿದಾಗ ತಿಳಿಯುತ್ತದೆ, ಅಷ್ಟರಲ್ಲಿ ತಡವಾಗಿರುತ್ತದೆ. ಇದನ್ನೆಲ್ಲ ವಿವರಿಸುವಷ್ಟು ಮಾತು ನನಗೆ ಬರುತ್ತಿರಲಿಲ್ಲ. "ಮೆಹಬೂಬಣ್ಣ ಪಂಪಿನ ತಗ್ಗಿನ್ಯಾಗ ಅದಾನ್ರಿ, ನೀರಾಗ" ಎಂದಷ್ಟೇ ಹೇಳಿದೆ.

ಫಿಟ್ಟರ್ ಮೆಹಬೂಬ್, ಸಿದ್ದಪ್ಪ ಕಾಕಾರ ಗೆಳೆಯ. ಉಳಿದವರು ಪೂಜೆ ಮಾಡಲಿ ಎಂದು ತಾನೇ ವಾಲ್ವ್ ನೋಡಲು ಇಳಿದಿದ್ದ. ಆ ಹೂಗಳೂ ಚಿಂಚಲಿಯ ಅವನ ಹೊಲದವೇ.

ಹಿಂದಿನಿಂದ ಆಪರೇಟರ್ ಬಸು ಹೇಳಿದ, "ಬಾಯಾರ ಹಾಕ್ಲಿ ಬಿಡ್ರಿ. ದೇವಿನೂ ಹೆಣಮಗಳು, ಇವರೂ ಹೆಣಮಗಳು. ಅವರವರ ಬಗಿಹರಸ್ಕೋತಾರ."

ಯಾರೋ ನಕ್ಕರು. ಕಾಕಾ ನಗಲಿಲ್ಲ. ಹಿಡಿಕೆಗೆ ಕೈ ಮುಗಿದು, ಬಿಗಿದಿದ್ದ ಗಂಟನ್ನು ಉಗುರಿನಿಂದ ಬಿಡಿಸಿ, ಮಾಲೆಯನ್ನು ಗೋಡೆಯ ಮೊಳೆಗೆ ಹಾಕಿದರು. "ಹಾಕ್ರಿ" ಎಂದರು. ಹಾಕಿದೆ. ಆಮೇಲೆಯೇ ಒಂದನೆಯ ಯಂತ್ರವನ್ನು ನಿಲ್ಲಿಸಿದೆವು.

ಹೊತ್ತು ಇಳಿಯುವ ಮುಂಚೆ ಅಲಾರ್ಮ್ ಬಡಿದುಕೊಂಡಿತು. ಪಂಪಿನ ಲೈನು ತಾನಾಗಿ ಕಡಿದಿತ್ತು. ನಾವು ಓಡಿಹೋದಾಗ ತಗ್ಗಿನ ಕತ್ತಲೆಯಿಂದ ಮೆಹಬೂಬನ ಬೈಗುಳ ಕೇಳುತ್ತಿತ್ತು. "ಲೈಟ್ ಯಾಂವ ತಗದಾನಲೇ? ಕೆಲಸಾ ಅರ್ಧಾ ಆಗೈತಿ!"

"ಏನೂ ಮುಟ್ಟಬ್ಯಾಡಲೇ, ಮ್ಯಾಲ ಬಾ" ಎಂದರು ಕಾಕಾ. ತಗ್ಗಿನ ಅಂಚಿಗೆ ಬಗ್ಗಿ ಕೈ ಚಾಚಿದರು.

ಪಂಪಿನ ಕೇಬಲ್ಲು ಕಲ್ಲಿಗೆ ಉಜ್ಜಿ, ಸಿಪ್ಪೆ ಹೋಗಿ, ನೀರಿಗೆ ತಾಗಿತ್ತು. ಮೆಹಬೂಬ್ ನಿಂತಿದ್ದ ಜಾಗದಿಂದ ಅದು ಕೈಯಳತೆಯಲ್ಲಿತ್ತು. ಈಗಲೂ ಚೆಂಡುಹೂವಿನ ವಾಸನೆ ಬಂದರೆ ಮೊದಲು ನೆನಪಾಗುವುದು ಆ ತಗ್ಗು.

ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲೇ ಹೋದೆ. ಮೊಳೆಯಿಂದ ಮಾಲೆ ಇಳಿಸಿ ಅದೇ ಹಿಡಿಕೆಗೆ ಮತ್ತೆ ಕಟ್ಟಿದೆ, ಒಂದು ಎಳೆ ಎಳೆದರೆ ಬಿಚ್ಚುವಂಥ ಗಂಟು ಹಾಕಿ.